ಮೇಷ್ಟರ ಬಾಕಿ ಸಂಬಳ

ದೊಡ್ಡ ಮನೆಯೊಂದರಲ್ಲಿ ನೀವು ಮಕ್ಕಳಿಗೆ ಪಾಠ ಹೇಳಿದ್ದೀರಿ. ಸಂಬಳ ಬಾಕಿ ನಿಂತಿದೆ. ಅಷ್ಟರಲ್ಲಿ ಯಜಮಾನ ದೊರೆಯ ಮೇಲೆ ದಂಗೆಯೆದ್ದು, ಸೋತು, ಕಡಲು ದಾಟಿ ಓಡಿಹೋದನೆನ್ನಿ. ಯಾರನ್ನು ಕೇಳುವಿರಿ?

1715ರ ದಂಗೆಯ ತರುವಾಯ ಸ್ಕಾಟ್ಲೆಂಡಿನಲ್ಲಿ ಎದ್ದ ಪ್ರಶ್ನೆ ಇದೇ. ಅರ್ಲ್ ಮಾರಿಷಲ್ ಜಾರ್ಜ್ ಕೀತ್‌ನಂಥವರ ಜಮೀನುಗಳು ಮುಟ್ಟುಗೋಲಾದುವು. 1716ರಲ್ಲಿ ನೇಮಕವಾದ ಕಮಿಷನರುಗಳಲ್ಲಿ ಪ್ರಬಂಧಕಾರ ರಿಚರ್ಡ್ ಸ್ಟೀಲನೂ ಒಬ್ಬ. ಸಾಲದ ಕಾಟ ಅವನಿಗೇನೂ ಹೊಸದಲ್ಲ! ಕೀತನ ಜಮೀನನ್ನು 1720ರಲ್ಲಿ ಕೊಂಡದ್ದು ಲಂಡನ್ನಿಗೆ ನೀರು ಒದಗಿಸುತ್ತಿದ್ದ ಯಾರ್ಕ್ ಬಿಲ್ಡಿಂಗ್ಸ್ ಕಂಪನಿ.

ದ್ರೋಹ ಯಜಮಾನನದು, ಅದಕ್ಕೆ ಮುಂಚಿನ ನ್ಯಾಯವಾದ ಸಾಲ ಅದರಿಂದ ಅಳಿಯಲಿಲ್ಲ. ಹಕ್ಕನ್ನು ಬರೆದು ಸಲ್ಲಿಸಿ ರುಜುವಾತುಪಡಿಸಿದವರಿಗೆ ಜಮೀನಿನ ಹಣದಿಂದಲೇ ತೀರುವೆ. ಸಾಲ ಕೊಟ್ಟ ಶ್ರೀಮಂತರ ಪೆಟ್ಟಿಗೆಯಲ್ಲಿ ಪತ್ರವಿರುತ್ತದೆ. ಪಾಠ ಹೇಳಿದವನ ಬಳಿ? ಯಜಮಾನನ ಕೈಬರಹದ ಒಂದು ಚೀಟಿ ಉಳಿದಿದ್ದರೆ ಅವನ ಪುಣ್ಯ.