ತಾಡಪಾಲು ತೆಗೆದು ತಗಡು ಹಾಕಿದ ಕಥೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ವಿದ್ಯೆಯ ಮಹತ್ವದ ಬಗ್ಗೆ ಮಾತನಾಡಿ ಎಂದು ನನಗೆ ಹೇಳಿದ್ದಾರೆ. ಆ ಮಾತನ್ನು ನೀವು ಪ್ರತಿ ವರ್ಷ ಕೇಳಿದ್ದೀರಿ. ಆದ್ದರಿಂದ ಈ ಸಲ ನಾನು ಒಂದು ಹಳೆಯ ಮಿಲಿಟರಿ ಲಾರಿಯ ಕಥೆ ಹೇಳುತ್ತೇನೆ. ಕಥೆಯಲ್ಲಿ ನನ್ನದೊಂದು ತಪ್ಪೂ ಇದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಎಂಟನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಉರ್ದುವಿನಲ್ಲೂ ಹಿಂದೆ, ಕನ್ನಡದಲ್ಲೂ ಹಿಂದೆ. ಅವನ ತಂದೆಯನ್ನು ಕರೆಸಿ, "ಇವನಿಗೆ ಓದು ಹತ್ತುವುದಿಲ್ಲ, ಯಾವುದಾದರೂ ಗ್ಯಾರೇಜಿಗೆ ಸೇರಿಸಿಬಿಡಿ" ಎಂದೆ. ಅವರು ಮೇಷ್ಟರ ಮಾತೆಂದು ನಂಬಿದರು. ಹುಡುಗ ಮರುವಾರವೇ ಶಿವಮೊಗ್ಗದಲ್ಲಿ ತನ್ನ ಮಾಮುವಿನ ಟಿಂಕರಿಂಗ್ ಗ್ಯಾರೇಜು ಸೇರಿದ.

ಕಳೆದ ಮಳೆಗಾಲದಲ್ಲಿ ಅವನೇ ನನ್ನ ಮನೆಗೆ ಬಂದ. "ಸಾರ್, ಒಂದು ಕಾಗದ ಓದಿ ಹೇಳಬೇಕು, ಒಂದು ಅರ್ಜಿ ಬರೆದುಕೊಡಬೇಕು" ಎಂದ. ಅವನ ಜೊತೆ ಗ್ಯಾರೇಜಿಗೆ ಹೋದೆ. ಅಲ್ಲಿ ನಿಂತಿತ್ತು ಲಾರಿ.

ಅದು ನಿಸ್ಸಾನ್ ಒನ್ ಟನ್. ಜಪಾನಿನ ನಿಸ್ಸಾನ್ ಕಂಪನಿಯ ಪರವಾನಗಿ ಪಡೆದು ನಮ್ಮ ಸೇನೆಗಾಗಿ ಜಬಲ್‌ಪುರದಲ್ಲಿ ತಯಾರಿಸಿದ ವಾಹನ. ಜೋಂಗಾ ಜೀಪು, ಶಕ್ತಿಮಾನ್ ಲಾರಿ ತಯಾರಾಗುತ್ತಿದ್ದದ್ದೂ ಅದೇ ಊರಿನಲ್ಲಿ. ಸೇನೆ ಬಳಸಿ ಬಿಟ್ಟ ಇಂಥ ವಾಹನಗಳು ಹರಾಜಿನಲ್ಲಿ ಜನರ ಕೈಗೆ ಬರುತ್ತವೆ. ಇದನ್ನು ಕೊಂಡವರು ಭದ್ರಾವತಿ ಕಡೆಯ ಅಡಿಕೆ ತೋಟದವರು. ಕೆಸರಿನಲ್ಲೂ ನಾಲ್ಕೂ ಚಕ್ರ ಎಳೆಯುತ್ತವೆ ಎಂಬುದು ಅವರಿಗೆ ಇಷ್ಟ. ಕಷ್ಟವೆಂದರೆ ಚಾಲಕನ ತಲೆಯ ಮೇಲೆ ಬರೀ ತಾಡಪಾಲು.

ಸೇನೆಯವರು ತಾಡಪಾಲು ಹಾಕಿದ್ದು ಹಣ ಉಳಿಸಲಿಕ್ಕಲ್ಲ. ಬಟ್ಟೆ ಮಡಿಚಿ ಮುಂದಿನ ಗಾಜನ್ನು ಮಲಗಿಸಿದರೆ ವಾಹನ ತಗ್ಗಾಗುತ್ತದೆ, ಮರೆಯಲ್ಲಿ ಅಡಗುತ್ತದೆ, ಸೈನಿಕನಿಗೆ ನಾಲ್ಕೂ ದಿಕ್ಕು ಕಾಣುತ್ತದೆ. ಯುದ್ಧಭೂಮಿಗೆ ಅದು ಸರಿ. ಆದರೆ ಆಗುಂಬೆಯಂಥ ಊರಿರುವ ಜಿಲ್ಲೆ ನಮ್ಮದು. ಅಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ. ಭದ್ರಾವತಿಯಲ್ಲಿ ಅಷ್ಟಿಲ್ಲದಿದ್ದರೂ, ಅಡಿಕೆ ಹೊತ್ತು ಮಲೆನಾಡು ಸುತ್ತುವ ಚಾಲಕನಿಗೆ ಬಟ್ಟೆಯ ಮಾಡು ಸಾಲದು. ಹಾಗಾಗಿ ತಗಡಿನ ಗಟ್ಟಿ ಮಾಡು, ಗ್ಯಾರೇಜಿನವರು ಹಾರ್ಡ್‌ಟಾಪ್ ಎನ್ನುವುದು, ಹಾಕಲು ಕೊಟ್ಟಿದ್ದರು.

ನನ್ನ ಶಿಷ್ಯ ಒಮ್ಮೆ ಹಾಕಿಯೂ ಇದ್ದ. ನೋಡಲು ಚೆಂದವಿತ್ತು. ಎರಡೇ ತಿಂಗಳಲ್ಲಿ ಮುಂದಿನ ಗಾಜಿನ ಮೇಲಿನ ಎರಡೂ ಮೂಲೆ ಬಿರುಕು ಬಿಟ್ಟು ನೀರು ಸೋರಿತು. ಮಾಲೀಕರು ಕಳಿಸಿದ ಕಾಗದ ಆ ಬಗ್ಗೆಯೇ: ಕೊಟ್ಟ ಹಣ ವಾಪಸು ಕೊಡಿ. ಆರು ಜನರ ಊಟ ನಡೆಯುವ ಗ್ಯಾರೇಜು ಅದು. ಉಸ್ತಾದರ ಮುಖ ಬಾಡಿತ್ತು. ಯಾವ ಅಳತೆಗೆ ಒಪ್ಪಿದ್ದು, ಯಾವ ದಪ್ಪದ ತಗಡು, ಯಾವುದೂ ಬರೆದಿಟ್ಟಿರಲಿಲ್ಲ.

ಬಿರುಕು ಬಿಟ್ಟದ್ದು ಏಕೆ? ಹುಡುಗನೇ ಕಂಡುಹಿಡಿದ. ಒಂದು ಮುಂಚಕ್ರಕ್ಕೆ ಜಾಕಿ ಕೊಟ್ಟು ಎತ್ತಿದ. ನನ್ನ ಕಣ್ಣೆದುರೇ ಚಾಲಕನ ಕ್ಯಾಬಿಗೂ ಹಿಂದಿನ ಸಾಮಾನಿನ ಪೆಟ್ಟಿಗೆಗೂ ನಡುವಿನ ಸಂದು ಒಂದು ಕಡೆ ಹಿಗ್ಗಿತು, ಇನ್ನೊಂದು ಕಡೆ ಕುಗ್ಗಿತು. "ನೋಡಿ ಸಾರ್, ಚಾಸಿಸ್ ತಿರುಚುತ್ತದೆ. ಹಳ್ಳದಲ್ಲಿ ನಾಲ್ಕೂ ಚಕ್ರ ನೆಲ ಮುಟ್ಟಲಿ ಅಂತಲೇ ಹಾಗೆ. ಕ್ಯಾಬು ಬೇರೆ, ಪೆಟ್ಟಿಗೆ ಬೇರೆ ಕೂತಿವೆ. ನಾನು ಮಾಡನ್ನು ಎರಡಕ್ಕೂ ಸೇರಿಸಿ ಬೋಲ್ಟ್ ಬಿಗಿದೆ. ತಪ್ಪು ನನ್ನದೇ" ಎಂದ. ಓದು ಹತ್ತುವುದಿಲ್ಲ ಎಂದು ನಾನು ಹೇಳಿದ್ದು ಈ ಹುಡುಗನಿಗೆ!

ಎರಡನೆಯ ಸಲ ಕೆಲಸ ಹೇಗಾಯಿತು ಎಂಬುದನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ನಿಮ್ಮ ಪಠ್ಯಪುಸ್ತಕ ಅಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ.

ಮಾಡಿನ ಚೌಕಟ್ಟು 160 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಉದ್ದ. ಮೂಲೆಗಳು ನೇರವಾಗಿವೆಯೇ ಎಂದು ತಿಳಿಯುವುದು ಹೇಗೆ? ಗ್ಯಾರೇಜಿನವರು ಮೂಲೆಯಿಂದ ಮೂಲೆಗೆ ಟೇಪು ಹಿಡಿಯುತ್ತಾರೆ. ಎರಡೂ ಕಡೆ ಒಂದೇ ಅಳತೆ ಬಂದರೆ ಸರಿ. ಎಷ್ಟು ಬರಬೇಕು ಎಂದು ಟೇಪು ಹಿಡಿಯುವ ಮೊದಲೇ ನಾನು ಕಾಗದದ ಮೇಲೆ ಲೆಕ್ಕ ಮಾಡಿದೆ: 200 ಸೆಂಟಿಮೀಟರ್. ಪೈಥಾಗೊರಸನ ಪ್ರಮೇಯ. ಟೇಪು ಹಿಡಿದಾಗ 200 ಬಂದದ್ದು ಕಂಡು ಹುಡುಗ ನಕ್ಕ. "ಇದನ್ನು ಶಾಲೆಯಲ್ಲಿ ಹೀಗೆ ಹೇಳಿಕೊಟ್ಟಿದ್ದರೆ ಸಾರ್..." ಎಂದು ಅಷ್ಟಕ್ಕೇ ನಿಲ್ಲಿಸಿದ. ಉಳಿದದ್ದು ನನಗೆ ಅರ್ಥವಾಯಿತು.

ಇನ್ನು ತೂಕ. ಒಂದು ಚದರ ಮೀಟರ್ ಉಕ್ಕಿನ ತಗಡು ಒಂದು ಮಿಲಿಮೀಟರ್ ದಪ್ಪವಿದ್ದರೆ 7.85 ಕಿಲೋ. ತಗಡು 1.2 ಮಿಲಿಮೀಟರ್ ದಪ್ಪ, ಮಾಡು 1.92 ಚದರ ಮೀಟರ್. ಗುಣಿಸಿದರೆ ಮೇಲಿನ ಹಾಳೆಯೊಂದೇ ಸುಮಾರು 18 ಕಿಲೋ. ತೂಕ ಎತ್ತರದಲ್ಲಿ ಕೂತಷ್ಟೂ ವಾಹನ ತಿರುವಿನಲ್ಲಿ ಹೆಚ್ಚು ವಾಲುತ್ತದೆ. ಆದ್ದರಿಂದ ಇನ್ನೂ ದಪ್ಪದ ತಗಡು ಹಾಕಿಸಿ ಎಂಬ ಮಾಲೀಕರ ಆಸೆಗೆ ಲೆಕ್ಕ ತೋರಿಸಿಯೇ ಬೇಡ ಎಂದೆವು.

ಬೆಸುಗೆಯ ಗುಟ್ಟು ಹೇಳಿಕೊಟ್ಟವರು ಭದ್ರಾವತಿಯ ಉಕ್ಕಿನ ಕಾರ್ಖಾನೆಯ ನಿವೃತ್ತ ಕಾರ್ಮಿಕರೊಬ್ಬರು. 1918ರಲ್ಲಿ ಸ್ಥಾಪನೆಯಾಗಿ 1923ರಲ್ಲಿ ಕಬ್ಬಿಣ ತೆಗೆಯಲಾರಂಭಿಸಿದ ಆ ಕಾರ್ಖಾನೆ ಎಷ್ಟೋ ಮನೆಗಳಿಗೆ ಅನ್ನದ ಜೊತೆ ಕಬ್ಬಿಣದ ಜ್ಞಾನವನ್ನೂ ಕೊಟ್ಟಿದೆ. ತೆಳು ತಗಡನ್ನು ಒಂದೇ ಉಸಿರಿಗೆ ಬೆಸೆದರೆ ಶಾಖಕ್ಕೆ ಹಪ್ಪಳದಂತೆ ಸುರುಳುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಹಾಕಿ, ಆರಲು ಬಿಟ್ಟು, ಮತ್ತೆ ನಡುವೆ ಬೆಸೆಯಬೇಕು ಎಂದರು ಆ ಹಿರಿಯರು.

ಮಾಡನ್ನು ಈ ಸಲ ಕ್ಯಾಬಿಗೆ ಮಾತ್ರ ಕೂರಿಸಿದರು. ಕೆಳಗೆ ರಬ್ಬರಿನ ಮೆತ್ತೆ; ಹಿಂದಿನ ಪೆಟ್ಟಿಗೆಯ ಕಡೆ ಬೇಕೆಂದೇ ಬಿಟ್ಟ ಸಂದು. ನೀರು ನಿಲ್ಲದಂತೆ ನಡುವೆ ಕೊಂಚ ಉಬ್ಬು, ಅಂಚಿಗೆ ನಮ್ಮ ಹಂಚಿನ ಮನೆಗಳಿಗಿರುವಂಥ ಸಣ್ಣ ದೋಣಿ. ಎಂಜಿನ್ನಿನ ಬಿಸಿ, ಹೊಗೆ ಒಳಗೇ ಉಳಿಯದಂತೆ ಗಾಳಿಗೆ ಒಂದು ಕಿಂಡಿ.

ಕೊನೆಯದಾಗಿ ಕಾಗದ. ವಾಸ್ತವವಾಗಿ ಅದು ಮೊದಲು ಆಗಬೇಕಿತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ವಾಹನದ ಮೂಲ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟಪಡಿಸಿದೆ. ಅದೇ ವರ್ಷದ ತಿದ್ದುಪಡಿಯಂತೆ, ಕಾಯ್ದೆಗೆ ವಿರುದ್ಧವಾದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಆಗಬಹುದು. ಮೊದಲ ಸಲ ಯಾರೂ ಇದನ್ನು ಯೋಚಿಸಿರಲಿಲ್ಲ. ಈ ಸಲ ಮಾಲೀಕರ ಪರವಾಗಿ ಸಾರಿಗೆ ಕಚೇರಿಗೆ ನಾನೇ ಅರ್ಜಿ ಬರೆದೆ. ಲಿಖಿತ ಅನುಮತಿ ಬಂದ ಮೇಲೆಯೇ ತಗಡು ಕತ್ತರಿಸಿದರು. ಮಾಲೀಕರು ಹಣ ವಾಪಸು ಕೇಳುವುದನ್ನು ಬಿಟ್ಟರು. ಎರಡನೆಯ ಸಲದ ಕೂಲಿಯನ್ನು ಗ್ಯಾರೇಜಿನವರು ಬಿಟ್ಟುಕೊಟ್ಟರು. ಕಲಿಕೆಗೆ ತೆತ್ತ ಬೆಲೆ ಅದು.

ಮಿತ್ರರೇ, ಪಾನಾ ಹಿಡಿಯುವ ಕೈ ಪೆನ್ನು ಹಿಡಿಯಬಾರದೆಂದು ಯಾರು ಹೇಳಿದರು? ನನ್ನಂಥ ಮೇಷ್ಟರುಗಳು ಹೇಳಿದೆವು. ಪೆನ್ನು ಹಿಡಿದವನಿಗೆ ಪಾನಾ ಕೀಳು ಎಂದೂ ನಾವೇ ಕಲಿಸಿದೆವು. ಆ ಮಾಡು ಸೋರಿದ್ದು ಈ ಎರಡರ ನಡುವಿನ ಬಿರುಕಿನಲ್ಲಿ.

ನಿಮ್ಮಲ್ಲಿ ಗ್ಯಾರೇಜಿನ ಮಕ್ಕಳಿದ್ದರೆ ನನ್ನ ಮಾತು ಇಷ್ಟೇ: ಕಸುಬಿಗೆ ನಾಚಬೇಡಿ, ಓದನ್ನು ಬಿಡಬೇಡಿ, ಒಪ್ಪಿದ ಅಳತೆಯನ್ನು ಬರೆದಿಟ್ಟುಕೊಳ್ಳಿ. ಸಂಘದ ಹಿರಿಯರಲ್ಲಿ ಒಂದು ಅರಿಕೆ: ಕಸುಬಿನಲ್ಲಿರುವ ಹುಡುಗರಿಗಾಗಿ ವಾರಕ್ಕೆ ಎರಡು ಸಂಜೆ ತರಗತಿ ನಡೆಸೋಣ. ಕೋಣೆ ನೀವು ಕೊಡಿ, ಉರ್ದು ಮತ್ತು ಕನ್ನಡ ಪಾಠ ನಾನು ಸಂಬಳವಿಲ್ಲದೆ ಮಾಡುತ್ತೇನೆ. ಮೊದಲ ವಿದ್ಯಾರ್ಥಿ ಈಗಾಗಲೇ ಸಿಕ್ಕಿದ್ದಾನೆ. ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟುತ್ತೇನೆ ಎಂದಿದ್ದಾನೆ. ಅವನ ತಂದೆಯ ಮನೆಗೆ ಹೋಗಿ, ಅಂದು ನಾನು ಆಡಿದ ಮಾತನ್ನು ವಾಪಸು ತೆಗೆದುಕೊಂಡು ಬಂದಿದ್ದೇನೆ.