ಶಾಲಾ ವಾದ್ಯವೃಂದದಲ್ಲಿ ಜಾಝ್: ಶಿಸ್ತು ಮತ್ತು ಸ್ವಂತ ದನಿ



ಶಾಲೆಯ ವಾದ್ಯವೃಂದ ಎಂದೊಡನೆ ರಾಷ್ಟ್ರೀಯ ಹಬ್ಬದ ಪಥಸಂಚಲನವು ಕಣ್ಣ ಮುಂದೆ ನಿಲ್ಲುತ್ತದೆ. ಕಲಿಸಿದುದನ್ನು ತಪ್ಪಿಲ್ಲದೆ ನುಡಿಸಿದರೆ ಮಗುವಿನ ಕರ್ತವ್ಯ ಮುಗಿಯಿತು. ಆದರೆ ಆ ಮಗುವಿಗೆ ತನ್ನದೇ ಆದ ಒಂದು ಸ್ವರಪಂಕ್ತಿ ಹೊಳೆದರೆ ಅದಕ್ಕೆ ಅಲ್ಲಿ ಎಡೆಯುಂಟೇ?

ಜಾಝ್ ಸಂಗೀತದ ಇತಿಹಾಸವು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕಪ್ಪು ಜನರ ನಡುವೆ ರೂಪುಗೊಂಡ ಈ ಸಂಗೀತವನ್ನು ವಿದ್ಯಾಸಂಸ್ಥೆಗಳು ಬಹುಕಾಲ ಹೊಸ್ತಿಲಾಚೆಗೇ ನಿಲ್ಲಿಸಿದವು. 1947ರಲ್ಲಿ ಟೆಕ್ಸಾಸ್‌ನ ಒಂದು ಶಿಕ್ಷಕರ ಕಾಲೇಜು ಇದನ್ನು ಪದವಿಯ ವಿಷಯವನ್ನಾಗಿ ಮಾಡಿತು. ಆಗಲೂ ಅದಕ್ಕೆ ಇಟ್ಟ ಹೆಸರು ‘ನೃತ್ಯ ವಾದ್ಯವೃಂದ’ ಎಂದು.

ಅದಕ್ಕೂ ಮೊದಲೇ, 1930ರ ದಶಕದಲ್ಲಿ, ಷಿಕಾಗೊ ನಗರದ ಡುಸಾಬಲ್ ಪ್ರೌಢಶಾಲೆಯಲ್ಲಿ ವಾಲ್ಟರ್ ಡಯೆಟ್ ಎಂಬ ಶಿಕ್ಷಕರು ಬಾಗಿಲು ತೆರೆದಿದ್ದರು. ಅವರ ವಿದ್ಯಾರ್ಥಿಗಳಲ್ಲಿ ಅನೇಕರು ದಕ್ಷಿಣದ ರಾಜ್ಯಗಳಿಂದ ವಲಸೆ ಬಂದ ಕುಟುಂಬಗಳ ಮಕ್ಕಳು. ಡಯೆಟ್ ಅವರ ಶಿಸ್ತು ಕಠಿಣವಾದುದು. ಜಾನಿ ಗ್ರಿಫಿನ್ ಎಂಬ ಬಾಲಕನು ಟೆನರ್ ಸ್ಯಾಕ್ಸೊಫೋನ್ ಬಯಸಿದಾಗ ಅವರು ಮೊದಲು ಕ್ಲಾರಿನೆಟ್ ಕಲಿಯಲು ಹೇಳಿದರು. ಆದರೆ ಮಕ್ಕಳು ಮನೆಯಿಂದ, ಬೀದಿಯಿಂದ ಹೊತ್ತು ತಂದ ಸಂಗೀತವನ್ನು ಅವರು ಹೊರಗಿಡಲಿಲ್ಲ. ವಾದ್ಯಗಳಿಗೆ ಬೇಕಾದ ಹಣವನ್ನು ಮಕ್ಕಳ ವಾರ್ಷಿಕ ಸಂಗೀತ ಪ್ರದರ್ಶನದಿಂದಲೇ ಕೂಡಿಸಿದರು. ಗ್ರಿಫಿನ್ 1945ರಲ್ಲಿ ಶಾಲೆ ಮುಗಿಸಿದ ಕೆಲವೇ ದಿನಗಳಲ್ಲಿ ಲಯನಲ್ ಹ್ಯಾಂಪ್ಟನ್ ಅವರ ಪ್ರಸಿದ್ಧ ತಂಡವನ್ನು ಸೇರಿದನು.

ತರಗತಿಯಲ್ಲಿ ಇದನ್ನು ಆರಂಭಿಸುವ ಬಗೆ ಸರಳವಾದುದು. ಜಾಝ್‌ನ ತಾಯಿಬೇರಾದ ಬ್ಲೂಸ್‌ನ ಸಾಮಾನ್ಯ ಚೌಕಟ್ಟಿನಲ್ಲಿ ನಾಲ್ಕು ಎಣಿಕೆಯ 12 ಆವರ್ತಗಳಿವೆ. ಒಟ್ಟು 48 ಎಣಿಕೆ. ಬಳಿಕ ಮತ್ತೆ ಮೊದಲಿಗೆ. ವೃಂದವು ಒಂದು ಕಿರುಪಂಕ್ತಿಯನ್ನು ಮೆಲ್ಲನೆ ನುಡಿಸುತ್ತಿರಲಿ. ಶಿಕ್ಷಕರು ಎರಡು ಆವರ್ತ ನುಡಿಸಲಿ, ಮಗು ಅದನ್ನೇ ಮರಳಿ ನುಡಿಸಲಿ. ಭಜನೆಯಲ್ಲಿ ಮುಂದಾಳು ಹಾಡಿದುದನ್ನು ಉಳಿದವರು ಎತ್ತಿಕೊಳ್ಳುವ ರೀತಿ ಇದು. ಮರುದಿನ ಅನುಕರಣೆ ಬೇಡ, ಉತ್ತರ ಬರಲಿ. ಮೂರೇ ಸ್ವರಗಳು ಸಾಕು. ತಪ್ಪು ಸ್ವರ ಬಿದ್ದರೆ ಗದರದೆ, ಅದನ್ನೇ ಇನ್ನೊಮ್ಮೆ ನುಡಿಸಿ ಮುಂದೆ ಸಾಗಲು ಹೇಳಬೇಕು. ಒಬ್ಬನು ನುಡಿಸುವಾಗ ಉಳಿದವರು ತಾಳ ಬಿಡದೆ ಆಲಿಸಬೇಕು. ಶಿಸ್ತಿನ ನಿಜವಾದ ಪರೀಕ್ಷೆ ಅಲ್ಲಿಯೇ ಇದೆ.

ಕರ್ನಾಟಕ ಸಂಗೀತವು ‘ಮನೋಧರ್ಮ’ವೆಂದು ಗೌರವಿಸುವುದು ಇಂಥದೇ ಸ್ವಾತಂತ್ರ್ಯವನ್ನು. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಮುಂದೆ ಆ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನೇ ನುಡಿಸಿದರು, ಜಾಝ್ ವಾದಕರೊಡನೆಯೂ ವೇದಿಕೆ ಏರಿದರು.

ಮನೆಯ ನುಡಿ ಒಂದು, ಊರಿನ ನುಡಿ ಇನ್ನೊಂದಾಗಿರುವ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ತನ್ನದನ್ನು ಹೊರಗೆ ಬಿಟ್ಟು ಒಳಗೆ ಬಂದ ಮಗು ಅನುಕರಿಸುವುದನ್ನಷ್ಟೇ ಕಲಿಯುತ್ತದೆ. ತನ್ನದರೊಡನೆ ಬಂದ ಮಗು ಉತ್ತರಿಸುವುದನ್ನೂ ಕಲಿಯುತ್ತದೆ.