ಎರಡು ಹಕ್ಕಿಗಳ ಕಾಣಿಕೆ
(ಕಾರ್ಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ)



ಇಂದು ಮೇ 1. ಲೋಕದ ಅನೇಕ ದೇಶಗಳಲ್ಲಿ ಇದು ಕಾರ್ಮಿಕರ ದಿನ. 1955ರಲ್ಲಿ ಪೋಪ್ ಹನ್ನೆರಡನೆಯ ಪಿಯೂಸರು ಇದೇ ದಿನವನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ ಧರ್ಮಸಭೆಗೆ ಕೊಟ್ಟರು. ಶುಭಸಂದೇಶಗಳಲ್ಲಿ ಸಂತ ಜೋಸೆಫರು ಆಡಿದ ಒಂದೇ ಒಂದು ಮಾತೂ ಇಲ್ಲ. ಆದರೆ ಊರಿನವರು ಯೇಸುಸ್ವಾಮಿಯನ್ನು ಗುರುತಿಸಿದ್ದು ಬಡಗಿಯ ಮಗನೆಂದೇ. ಜೋಸೆಫರು ತಮ್ಮ ಕೆಲಸದಿಂದಲೇ ನೆನಪಿನಲ್ಲಿ ಉಳಿದವರು.

ಈ ಹಬ್ಬ ಬಸವಕಲ್ಯಾಣ, ಹುಮನಾಬಾದ್ ಸೀಮೆಯ ನಮಗೆ ಹೇಳಿ ಮಾಡಿಸಿದಂತಿದೆ. 12ನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಬಸವಣ್ಣನವರೂ ಶರಣರೂ ಕಾಯಕದ ಹಿರಿಮೆಯನ್ನು ಸಾರಿದರು. ಬಟ್ಟೆ ಮಡಿ ಮಾಡುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಬುಟ್ಟಿ ಹೆಣೆಯುವ ಕೇತಯ್ಯ, ಎಲ್ಲರಿಗೂ ಅಲ್ಲಿ ಒಂದೇ ಮರ್ಯಾದೆ. ದುಡಿಯುವ ಕೈಗೆ ಗೌರವ ಕೊಟ್ಟ ನೆಲದಲ್ಲಿ ನಾವು ಬಾಳುತ್ತಿದ್ದೇವೆ. ನಾವು ದುಡಿಯುವುದನ್ನು ಮರೆತವರಲ್ಲ. ಆದರೆ ದುಡಿದದ್ದು ಮನೆಯಲ್ಲಿ ಏಕೆ ನಿಲ್ಲುತ್ತಿಲ್ಲ ಎಂಬುದು ಇಂದು ನಮ್ಮ ಅನೇಕ ಕುಟುಂಬಗಳ ಚಿಂತೆ.

ನಮ್ಮ ಬೇಸಿಗೆಯನ್ನೇ ನೋಡೋಣ. ತೊಗರಿ, ಕಡಲೆ, ಜೋಳದ ರಾಶಿ ಮುಗಿದಿರುತ್ತದೆ. ಹೊಲದಲ್ಲಿ ಕೂಲಿ ಇಲ್ಲ. ಕೆಲವರು ಹೆದ್ದಾರಿಗೆ ಬಂದು ಹೈದರಾಬಾದಿಗೋ ಪುಣೆಗೋ ಮುಂಬೈಗೋ ಬಸ್ಸು ಹತ್ತುತ್ತಾರೆ. ಮನೆಯಲ್ಲಿ ಅಜ್ಜಿ ತಾತ, ಚಿಕ್ಕ ಮಕ್ಕಳು ಉಳಿಯುತ್ತಾರೆ. ಇದೇ ತಿಂಗಳುಗಳಲ್ಲಿ ಮದುವೆಗಳು. ಜೂನ್ ಬಂತೆಂದರೆ ಬೀಜ, ಗೊಬ್ಬರ, ಮಕ್ಕಳ ಫೀಸು. ಬರುವ ದಾರಿ ಒಂದು, ಹೋಗುವ ದಾರಿ ಹತ್ತು. ಆಗ ಸಾಲ. ಹಳೆಯ ಸಾಲ ತೀರಿಸಲು ಮತ್ತೊಂದು ಸಾಲ.

ಕಾಯಿಲೆಗೆ, ಬಿತ್ತನೆಗೆ, ಮಕ್ಕಳ ಓದಿಗೆ ಸಾಲ ಮಾಡಿದವರನ್ನು ಯಾರೂ ದೂರಬಾರದು. ಅದು ಕಷ್ಟದ ಸಾಲ. ಆದರೆ ಇನ್ನೊಂದು ಸಾಲವಿದೆ. ಪಕ್ಕದ ಮನೆಯವರು ಸಾವಿರ ಜನರಿಗೆ ಊಟ ಹಾಕಿಸಿದರು, ನಾವು ಕಡಿಮೆ ಮಾಡಿದರೆ ನಾಲ್ಕು ಜನ ಏನೆಂದಾರು ಎಂದು ಮಾಡುವ ಸಾಲ. ಶಾಮಿಯಾನ ಒಂದೇ ದಿನಕ್ಕೆ ಬಿಚ್ಚುತ್ತದೆ, ಕಂತು ಮೂರು ವರ್ಷ ಉಳಿಯುತ್ತದೆ. ಆ ನಾಲ್ಕು ಜನ ಕಂತು ಕಟ್ಟಲು ಬರುವುದಿಲ್ಲ.

ಇಲ್ಲಿ ತಿರುಕುಟುಂಬದ ಕಡೆ ನೋಡೋಣ. ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಜೋಸೆಫರೂ ಮರಿಯಮ್ಮನವರೂ ಬಾಲಯೇಸುವನ್ನು ಜೆರುಸಲೇಮಿನ ದೇವಾಲಯಕ್ಕೆ ಕರೆತರುತ್ತಾರೆ. ಅಂದು ಅವರು ಒಪ್ಪಿಸಬೇಕಾದ ಕಾಣಿಕೆ ಎರಡು ಹಕ್ಕಿಗಳು. ಏಕೆ? ಯಾಜಕಕಾಂಡದ ಕಟ್ಟಳೆಯಂತೆ ಹೆತ್ತ ತಾಯಿ ಒಂದು ಕುರಿಮರಿಯನ್ನೂ ಒಂದು ಹಕ್ಕಿಯನ್ನೂ ತರಬೇಕು. ಕುರಿಮರಿ ತರಲು ಶಕ್ತಿ ಇಲ್ಲದ ಬಡವಳು ಎರಡು ಹಕ್ಕಿಗಳನ್ನು ತಂದರೆ ಸಾಕು. ಅಂದರೆ ಇದು ಬಡವರ ಕಾಣಿಕೆ. ದೇವಪುತ್ರನ ಹೆಸರಿನಲ್ಲಿ ಕುರಿಮರಿಯನ್ನೇ ಕೊಡಬೇಕೆಂದು ಜೋಸೆಫರು ಹಟ ಹಿಡಿಯಲಿಲ್ಲ. ಜನ ನೋಡುತ್ತಾರೆಂದು ನಾಚಲೂ ಇಲ್ಲ. ಇದ್ದುದನ್ನು ಇದ್ದಂತೆ ದೇವರ ಮುಂದೆ ಇಡಲು ಬಂದರು. ದೇವರು ಅವರ ಕಾಣಿಕೆಯನ್ನು ತೂಗಿ ನೋಡಲಿಲ್ಲ.

ವಿಮೋಚನಾಕಾಂಡದ ಮನ್ನದ ಕಥೆ ನಮಗೆಲ್ಲ ಗೊತ್ತು. ಮರಳುಗಾಡಿನಲ್ಲಿ ಪ್ರತಿಯೊಬ್ಬರೂ ಅಂದಂದಿಗೆ ಬೇಕಾದಷ್ಟನ್ನು ಕೂಡಿಸಬೇಕಿತ್ತು. ಆಸೆಯಿಂದ ಮರುದಿನಕ್ಕೆ ಇಟ್ಟದ್ದಕ್ಕೆ ಹುಳು ಬಿತ್ತು. ಆದರೆ ಆರನೆಯ ದಿನ ಎರಡರಷ್ಟು ಕೂಡಿಸಲು ದೇವರೇ ಹೇಳಿದರು, ಏಕೆಂದರೆ ಮರುದಿನ ವಿಶ್ರಾಂತಿಯ ದಿನ. ಆ ದಿನ ಇಟ್ಟದ್ದು ಕೆಡಲಿಲ್ಲ. ದುರಾಸೆಯಿಂದ ಕೂಡಿಟ್ಟದ್ದು ಕೆಡುತ್ತದೆ, ಮುಂದಿನ ಅಗತ್ಯಕ್ಕೆಂದು ಉಳಿಸಿದ್ದು ಕಾಯುತ್ತದೆ. ಆದ್ದರಿಂದ ಉಳಿತಾಯ ಮಾಡುವುದು ದೇವರ ಮೇಲಿನ ಅವಿಶ್ವಾಸವಲ್ಲ.

ನಮ್ಮ ಕಲ್ಯಾಣದಲ್ಲೂ ಇದೇ ಪಾಠವನ್ನು ಒಬ್ಬ ಗೃಹಿಣಿ ಕಲಿಸಿದರು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಲ್ಲೇ ದಾಸೋಹ ಮಾಡುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದರಂತೆ. ನಮಗೆ ಇಷ್ಟು ಬೇಡ, ಹೆಚ್ಚಿನದನ್ನು ತೆಗೆದುಕೊಂಡ ಕಡೆಯೇ ಸುರಿದು ಬನ್ನಿ ಎಂದರು ಲಕ್ಕಮ್ಮ. ಮನೆಯಲ್ಲಿ ಎಷ್ಟು ಸಾಕು ಎಂದು ಹೇಳುವ ಧೈರ್ಯ ಹೆಂಡತಿಗಿತ್ತು, ಕೇಳುವ ವಿನಯ ಗಂಡನಿಗಿತ್ತು. ಅಂಥ ಮನೆಗೆ ಬಡತನ ಬಂದರೂ ಒಡಕು ಬರುವುದಿಲ್ಲ.

ಹಾಗಾದರೆ ನಾವು ಏನು ಮಾಡೋಣ? ವಾರಕ್ಕೊಮ್ಮೆ ಜಪಸರ ಮುಗಿದ ಮೇಲೆ ಗಂಡ ಹೆಂಡತಿ ಜೊತೆಯಲ್ಲಿ ಕುಳಿತು ಲೆಕ್ಕ ನೋಡೋಣ. ದೊಡ್ಡ ಮಕ್ಕಳೂ ಕುಳಿತುಕೊಳ್ಳಲಿ, ಅಪ್ಪನ ಬೆವರಿನ ಬೆಲೆ ಅವರಿಗೂ ತಿಳಿಯಲಿ. ಯಾರಿಗೂ ತಿಳಿಸದೆ ಮಾಡಿದ ಸಾಲವೇ ಮನೆಯನ್ನು ಹೆಚ್ಚು ಸುಡುತ್ತದೆ. ಮದುವೆಯಲ್ಲಿ ಪವಿತ್ರ ಬಲಿಪೂಜೆ, ಬಂಧುಗಳ ಆಶೀರ್ವಾದ, ಒಂದು ಸರಳ ಊಟ ಇದ್ದರೆ ಏನೂ ಕಡಿಮೆಯಾಗದು. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯಿದೆಯಂತೆ ಅಪರಾಧ. ದೇವರ ಮುಂದೆ ಅದು ಪಾಪ. ಅನುಕೂಲ ಇರುವ ಮನೆಯವರು ಮೊದಲು ಸರಳ ಮದುವೆ ಮಾಡಿ ತೋರಿಸಲಿ. ಆಗ ಇಲ್ಲದವರ ನಾಚಿಕೆ ತಾನಾಗಿ ಹೋಗುತ್ತದೆ.

ಈಗಾಗಲೇ ಸಾಲದಲ್ಲಿ ಸಿಕ್ಕವರಿಗೆ ಒಂದು ಮಾತು. ಕಂತು ಕಟ್ಟಲಾಗದ್ದಕ್ಕೆ ಮನೆಯ ಮುಂದೆ ಬಂದು ಅವಮಾನಿಸುವ, ಹೆದರಿಸುವ ಹಕ್ಕು ಯಾರಿಗೂ ಇಲ್ಲ. ಕಿರುಸಾಲ ಪಡೆದವರಿಗೆ ಇಂಥ ಕಿರುಕುಳ ಕೊಡುವುದನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು. ತಪ್ಪಿದವರಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿತ್ತು. ಒಂದು ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಕಿರುಸಾಲ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಇದನ್ನು ತಿಳಿದಿರಿ, ಅಕ್ಕಪಕ್ಕದವರಿಗೂ ತಿಳಿಸಿ. ಸಾಲ ತೀರಿಸುವುದು ನಮ್ಮ ಧರ್ಮ, ಆದರೆ ಸಾಲಕ್ಕಾಗಿ ಪ್ರಾಣ ಕಳೆದುಕೊಳ್ಳುವುದು ದೇವರ ಚಿತ್ತವಲ್ಲ. ಮನಸ್ಸು ಕುಗ್ಗಿದಾಗ ಒಬ್ಬರೇ ಕೂರಬೇಡಿ. ಮನೆಯವರಿಗೆ ಹೇಳಿ, ಗುರುಗಳಿಗೆ ಹೇಳಿ, ಕನ್ಯಾಸ್ತ್ರೀಯರಿಗೆ ಹೇಳಿ. ಕೇಳಿದವರು ಆ ಮಾತನ್ನು ಊರಿಗೆಲ್ಲ ಸಾರದೆ ಕೈ ಹಿಡಿಯೋಣ.

ರಾತ್ರೋರಾತ್ರಿ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟ ಜೋಸೆಫರಿಗೆ ಪರವೂರಿನ ಬದುಕು ಗೊತ್ತು. ದುಡಿಯಲು ದೂರ ಹೋದ ನಮ್ಮ ತಂದೆ, ಅಣ್ಣ ತಮ್ಮಂದಿರನ್ನು, ಅವರ ದಾರಿ ಕಾಯುವ ಮನೆಗಳನ್ನು ಇಂದಿನ ಬಲಿಪೂಜೆಯಲ್ಲಿ ಅವರ ಕೈಗೆ ಒಪ್ಪಿಸೋಣ. ಕುರಿಮರಿ ಇಲ್ಲದಿದ್ದರೆ ಬೇಡ, ಎರಡು ಹಕ್ಕಿಗಳೊಂದಿಗೆ ದೇವರ ಮುಂದೆ ತಲೆ ಎತ್ತಿ ನಿಲ್ಲುವ ಕೃಪೆಯನ್ನು ಸಂತ ಜೋಸೆಫರು ನಮ್ಮೆಲ್ಲ ಕುಟುಂಬಗಳಿಗೆ ಬೇಡಿ ಕೊಡಲಿ.

ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ. ಆಮೆನ್.